ಸ್ಪ್ರೇ ಹೊಡೆದು ಸೋಲಾರ್ ಸೆಲ್ ಮಾಡಬಹುದಾ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಕೇಳುಗರಿಗೆ, ಅದರಲ್ಲೂ ಬಿ.ಎಸ್‌ಸಿ. ಓದುತ್ತಿರುವವರಿಗೆ ಇವತ್ತಿನ ಮಾತು.

ಚನ್ನಪಟ್ಟಣದಲ್ಲಿ ಗೊಂಬೆಗೆ ಬಣ್ಣ ಹಾಕೋದನ್ನ ನೋಡಿದೀರಲ್ವಾ? ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ, ತೆಳ್ಳಗೆ ಅಂಟಿಕೊಳ್ಳುತ್ತೆ. ತೆಳು ಪದರದ ಸೋಲಾರ್ ಸೆಲ್ ಮಾಡುವ ಒಂದು ವಿಧಾನದಲ್ಲೂ ಬಿಸಿಯದ್ದೇ ಮುಖ್ಯ ಕೆಲಸ. ಅದರ ಹೆಸರು ಸ್ಪ್ರೇ ಪೈರಾಲಿಸಿಸ್.

ತಾಮ್ರ, ಸತು, ತವರದ ಲವಣಗಳನ್ನು, ಗಂಧಕಕ್ಕಾಗಿ ಥಯೋಯೂರಿಯಾವನ್ನು ನೀರಿನಲ್ಲಿ ಕರಗಿಸುತ್ತಾರೆ. ಗಾಜನ್ನು ಸುಮಾರು 300ರಿಂದ 400 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅದರ ಮೇಲೆ ಮಂಜಿನ ಹಾಗೆ ಸಿಂಪಡಿಸುತ್ತಾರೆ. ನೀರು ಆವಿಯಾಗುತ್ತೆ, ಉಳಿದದ್ದು ಗಾಜಿನ ಮೇಲೇ ಕೂಡಿ ಸಿಜೆಡ್‌ಟಿಎಸ್ ಎಂಬ ಅರೆವಾಹಕವಾಗುತ್ತೆ. ದಪ್ಪ ಒಂದೆರಡು ಮೈಕ್ರೋಮೀಟರ್ ಅಷ್ಟೇ. ಚಾವಣಿ ಮೇಲಿನ ಪ್ಯಾನೆಲ್‌ನ ಸಿಲಿಕಾನ್ ಬಿಲ್ಲೆ ಇದಕ್ಕಿಂತ ಹೆಚ್ಚುಕಡಿಮೆ ನೂರು ಪಟ್ಟು ದಪ್ಪ.

ಕೇಳೋಕೆ ಸುಲಭ. ಆದರೆ ಗಾಜು ತಣ್ಣಗಿದ್ರೆ ಹನಿ ಒದ್ದೆಯಾಗೇ ಬಿದ್ದು ಕಲೆಯಾಗುತ್ತೆ. ಬಿಸಿ ಜಾಸ್ತಿಯಾದ್ರೆ ಗಾಜು ಮುಟ್ಟೋ ಮೊದಲೇ ಪುಡಿಯಾಗುತ್ತೆ. ಸ್ಪ್ರೇ ಬಿದ್ದಾಗಲೆಲ್ಲ ಗಾಜಿನ ಬಿಸಿ ಇಳಿಯುತ್ತೆ. ಅದಕ್ಕೇ ಸ್ವಲ್ಪ ಹೊಡೆದು, ನಿಲ್ಲಿಸಿ, ಮತ್ತೆ ಕಾಯಲು ಬಿಟ್ಟು ಹೊಡೀಬೇಕು. ಪದರದಲ್ಲಿ ಸೂಜಿಮೊನೆಯಷ್ಟು ತೂತು ಉಳಿದರೂ ಮೇಲಿನ ಪದರ ಕೆಳಗಿನದಕ್ಕೆ ತಗುಲಿ ಶಾರ್ಟ್ ಆಗುತ್ತೆ.

ಇದಕ್ಕೆ ದುಬಾರಿ ನಿರ್ವಾತ ಯಂತ್ರ ಬೇಕಿಲ್ಲ. ಹಾಟ್‌ಪ್ಲೇಟ್, ನಾಜಲ್, ಕಂಪ್ರೆಸರ್, ತಾಪಮಾನ ನಿಯಂತ್ರಕ ಇದ್ದರೆ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲೂ ಪದರ ಬೆಳೆಸಿ ಅಳೆಯಬಹುದು. ಆದರೆ ಫ್ಯೂಮ್ ಹುಡ್ ಇಲ್ಲದೆ ಕೈ ಹಾಕಬೇಡಿ. ಬಿಸಿಗೆ ಥಯೋಯೂರಿಯಾದಿಂದ ವಿಷಾನಿಲ ಬರುತ್ತೆ. ಇಂಥ ಸೆಲ್‌ಗಳ ಇನ್ನೊಂದು ಪದರಕ್ಕೆ ಸಾಮಾನ್ಯವಾಗಿ ಬಳಸುವ ಕ್ಯಾಡ್ಮಿಯಂ ಕೂಡ ವಿಷವೇ. ಉಳಿದ ದ್ರಾವಣ ಸಿಂಕ್‌ಗೆ ಸುರಿಯೋದು ಅಂದ್ರೆ ಅರ್ಕಾವತಿಗೋ ಕಣ್ವಕ್ಕೋ ಸುರಿದ ಹಾಗೆ.

ರೈತರಿಗೂ ಒಂದು ಮಾತು. ಮಾರುಕಟ್ಟೆಯ ಸಿಲಿಕಾನ್ ಪ್ಯಾನೆಲ್‌ಗಳು ಬಿದ್ದ ಬೆಳಕಿನಲ್ಲಿ ಶೇ. 20ಕ್ಕಿಂತ ಹೆಚ್ಚು ಭಾಗವನ್ನು ವಿದ್ಯುತ್ ಮಾಡುತ್ತವೆ. ಸಿಜೆಡ್‌ಟಿಎಸ್ ಪ್ರಯೋಗಾಲಯದಲ್ಲೂ ಅಲ್ಲಿಗೆ ಮುಟ್ಟಿಲ್ಲ. ‘ಸ್ಪ್ರೇ ಪ್ಯಾನೆಲ್ ಬಂದಿದೆ, ಅಡ್ವಾನ್ಸ್ ಕೊಡಿ’ ಅಂತ ಯಾರಾದರೂ ಬಂದರೆ ದುಡ್ಡು ಕೊಡಬೇಡಿ. ಪಂಪ್‌ಸೆಟ್‌ಗೆ ಇವತ್ತಿಗೆ ಸಿಲಿಕಾನೇ ಸರಿ.

ವಿದ್ಯಾರ್ಥಿಗಳೇ, ಪ್ರಾಜೆಕ್ಟ್‌ಗೆ ವಿಷಯ ಹುಡುಕ್ತಾ ಇದ್ದರೆ ನಿಮ್ಮ ಮೇಷ್ಟ್ರ ಹತ್ತಿರ ಇದನ್ನ ಪ್ರಸ್ತಾಪಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.