ವಿಷಕ್ಕೊಂದು ವಿಳಾಸ

(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ವಿಜ್ಞಾನದ ಬಗ್ಗೆ ನಾಲ್ಕು ಮಾತಾಡಿ ಎಂದು ಸಮಿತಿಯವರು ಹೇಳಿದ್ದಾರೆ. ನಾನು ಇವತ್ತು ಒಂದು ವಿಷದ ಕಥೆ ಹೇಳುತ್ತೇನೆ. ಅದು ಗಂಟಲುಮಾರಿಯ ವಿಷ. ಇಲ್ಲಿರುವ ಅಜ್ಜಿಯರಿಗೆ ಆ ಹೆಸರು ಗೊತ್ತು. ಡಾಕ್ಟರರು ಅದನ್ನು ಡಿಫ್ತೀರಿಯಾ ಎನ್ನುತ್ತಾರೆ. ಮಗುವಿನ ಗಂಟಲಲ್ಲಿ ಬೂದು ಪೊರೆ ಕಟ್ಟಿ ಉಸಿರನ್ನೇ ನಿಲ್ಲಿಸುವ ರೋಗ ಅದು. ಮಕ್ಕಳನ್ನು ಕೊಂದ ಅದೇ ವಿಷದಿಂದ ಮಕ್ಕಳ ಕ್ಯಾನ್ಸರನ್ನು ಕೊಲ್ಲಬಹುದೇ ಎಂದು ವಿಜ್ಞಾನಿಗಳು ಈಗ ಕೇಳುತ್ತಿದ್ದಾರೆ.

ಮೊದಲು ಆ ಕ್ಯಾನ್ಸರಿನ ಬಗ್ಗೆ ಹೇಳುತ್ತೇನೆ. ಅದರ ಹೆಸರು ನ್ಯೂರೋಬ್ಲಾಸ್ಟೋಮಾ. ಮಗು ತಾಯಿಯ ಹೊಟ್ಟೆಯಲ್ಲಿ ಬೆಳೆಯುವಾಗ ಕೆಲವು ಎಳೆಯ ಕೋಶಗಳು ನರಕೋಶಗಳಾಗಿ ಮಾಗಬೇಕು. ಹಾಗೆ ಮಾಗದೆ ಎಳೆಯದಾಗಿಯೇ ಉಳಿದ ಕೋಶಗಳು ಹದ್ದು ಮೀರಿ ಬೆಳೆದರೆ ಗಡ್ಡೆಯಾಗುತ್ತವೆ. ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಯಲ್ಲಿ ಇದು ಹೆಚ್ಚು. ಬಹುಪಾಲು ಐದು ವರ್ಷದೊಳಗಿನ ಮಕ್ಕಳಲ್ಲೇ ಕಾಣಿಸಿಕೊಳ್ಳುತ್ತದೆ. ಒಂದು ವಿಚಿತ್ರವೆಂದರೆ ಕೆಲವು ಹಸುಗೂಸುಗಳಲ್ಲಿ ಗಡ್ಡೆ ತಾನಾಗಿಯೇ ಕರಗಿಹೋಗುತ್ತದೆ. ಇನ್ನು ಕೆಲವು ಮಕ್ಕಳಲ್ಲಿ ಮೂಳೆಗೂ ಅಸ್ಥಿಮಜ್ಜೆಗೂ ಹರಡಿ, ಶಸ್ತ್ರಚಿಕಿತ್ಸೆ, ಕಿಮೋಥೆರಪಿ, ವಿಕಿರಣ ಎಲ್ಲವನ್ನೂ ಕೊಟ್ಟರೂ ಮತ್ತೆ ಮರಳುತ್ತದೆ. ಹೊಸ ಮದ್ದು ಬೇಕಾಗಿರುವುದು ಈ ಮಕ್ಕಳಿಗೆ.

ಈಗ ವಿಷಕ್ಕೆ ಬರೋಣ. 1884ರಲ್ಲಿ ಜರ್ಮನಿಯ ಲೋಫ್ಲರ್ ಗಂಟಲುಮಾರಿಯ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಅವರಿಗೆ ಒಂದು ಸಂಗತಿ ಬಿಡಿಸಲಾಗದ ಒಗಟಾಯಿತು. ಸತ್ತ ಪ್ರಾಣಿಯಲ್ಲಿ ಬ್ಯಾಕ್ಟೀರಿಯಾ ಇದ್ದದ್ದು ಚುಚ್ಚಿದ ಜಾಗದಲ್ಲಿ ಮಾತ್ರ, ಹಾಳಾದದ್ದು ದೂರದ ಅಂಗಗಳು! 1888ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ರೂ ಮತ್ತು ಯೆರ್ಸಿನ್ ಉತ್ತರ ಕಂಡುಕೊಂಡರು. ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಪಿಂಗಾಣಿ ಶೋಧಕದಲ್ಲಿ ಸೋಸಿ, ಬ್ಯಾಕ್ಟೀರಿಯಾ ಒಂದೂ ಇಲ್ಲದ ಆ ದ್ರವವನ್ನು ಪ್ರಾಣಿಗಳಿಗೆ ಚುಚ್ಚಿದರು. ಪ್ರಾಣಿಗಳು ಸತ್ತವು. ಅಂದರೆ ಕೊಲ್ಲುವುದು ಬ್ಯಾಕ್ಟೀರಿಯಾ ಸ್ರವಿಸುವ ವಿಷ.

ಈ ವಿಷ ಒಂದು ಪ್ರೋಟೀನು. ಅದು ಮೂರು ಕೆಲಸ ಮಾಡುತ್ತದೆ. ಒಂದು ಭಾಗ ನಮ್ಮ ಕೋಶದ ಬಾಗಿಲನ್ನು ಗುರುತಿಸಿ ಹಿಡಿದುಕೊಳ್ಳುತ್ತದೆ. ಇನ್ನೊಂದು ಭಾಗ ಒಳಗೆ ದಾರಿ ಮಾಡಿಕೊಡುತ್ತದೆ. ಮೂರನೆಯದು ಒಳಗೆ ಹೋಗಿ, ಕೋಶವು ಪ್ರೋಟೀನು ತಯಾರಿಸುವ ಕೆಲಸವನ್ನೇ ನಿಲ್ಲಿಸುತ್ತದೆ. ಆ ಮೂರನೆಯ ಭಾಗದ ಒಂದೇ ಒಂದು ಅಣು ಒಳಹೊಕ್ಕರೂ ಒಂದು ಕೋಶ ಸಾಯಬಹುದು ಎಂದು 1978ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು.

ಬಾಗಿಲು ಗುರುತಿಸುವ ಭಾಗವನ್ನು ಕತ್ತರಿಸಿ, ಆ ಜಾಗದಲ್ಲಿ ಕ್ಯಾನ್ಸರ್ ಕೋಶವನ್ನು ಗುರುತಿಸುವ ಬೇರೊಂದು ಭಾಗ ಜೋಡಿಸಿದರೆ? ಅಂಚೆಯ ಲಕೋಟೆಯ ಮೇಲಿನ ವಿಳಾಸ ಬದಲಿಸಿದಂತೆ. ಇದು ಬರೀ ಕಲ್ಪನೆಯಲ್ಲ. ಹೀಗೆ ವಿಳಾಸ ಬದಲಿಸಿದ ಗಂಟಲುಮಾರಿ ವಿಷ 1999ರಲ್ಲಿ ಅಮೆರಿಕದಲ್ಲಿ ಚರ್ಮದ ಒಂದು ಬಗೆಯ ಲಿಂಫೋಮಾಕ್ಕೆ ಔಷಧವಾಗಿ ಒಪ್ಪಿಗೆ ಪಡೆಯಿತು. 2018ರಲ್ಲಿ ಅಪರೂಪದ ಒಂದು ರಕ್ತದ ಕ್ಯಾನ್ಸರಿಗೆ ಇನ್ನೊಂದು ಬಂತು. ಎರಡು ವರ್ಷ ದಾಟಿದ ಮಕ್ಕಳಿಗೂ ಅದನ್ನು ಕೊಡಬಹುದು.

ನ್ಯೂರೋಬ್ಲಾಸ್ಟೋಮಾದಂಥ ಗಟ್ಟಿ ಗಡ್ಡೆಯಲ್ಲಿ ಕೆಲಸ ಕಠಿಣ. ವಿಷ ಗಡ್ಡೆಯ ಒಳಗಿನವರೆಗೂ ತಲುಪಬೇಕು, ವಿಳಾಸವೂ ನಿಖರವಾಗಿರಬೇಕು. ಈ ಕ್ಯಾನ್ಸರ್ ಕೋಶಗಳ ಮೈಮೇಲೆ ಜಿ.ಡಿ.2 ಎಂಬ ಕೊಬ್ಬು ಮತ್ತು ಸಕ್ಕರೆ ಸೇರಿದ ಗುರುತು ಬಹಳವಾಗಿರುತ್ತದೆ. ಅದನ್ನು ಹಿಡಿಯುವ ಪ್ರತಿಕಾಯವೊಂದಕ್ಕೆ, ಯಾವ ವಿಷವನ್ನೂ ಜೋಡಿಸದೆ, 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ನೋವಿನ ಸುದ್ದಿ ಒಯ್ಯುವ ಆರೋಗ್ಯವಂತ ನರಗಳ ಮೇಲೂ ಜಿ.ಡಿ.2 ಇದೆ. ಆದ್ದರಿಂದ ಆ ಔಷಧ ಹನಿಯುವಾಗ ಮಕ್ಕಳಿಗೆ ತಡೆಯಲಾರದ ನೋವು ಬರುತ್ತದೆ, ಮಾರ್ಫಿನ್ ಕೊಡಬೇಕಾಗುತ್ತದೆ. ಬರಿಯ ಪ್ರತಿಕಾಯಕ್ಕೇ ಹೀಗಾದರೆ, ಕೋಶ ಕೊಲ್ಲುವ ವಿಷ ತಪ್ಪು ಬಾಗಿಲು ತಟ್ಟಿದರೆ ಏನಾದೀತು, ಯೋಚಿಸಿ. ಧನುರ್ವಾಯುವಿನ ವಿಷ ನರಕೋಶವನ್ನು ತಾನೇ ಹುಡುಕಿಕೊಂಡು ಹೋಗುತ್ತದೆ, ನಿಜ. ಆದರೆ ಅದಕ್ಕೂ ಒಳ್ಳೆಯ ನರ, ಕೆಟ್ಟ ನರ ಎಂಬ ಭೇದ ತಿಳಿಯದು.

ಇನ್ನೊಂದು ತೊಡಕು ನಿಮ್ಮ ತೋಳಿನಲ್ಲೇ ಇದೆ. ಹುಟ್ಟಿದ 6, 10, 14ನೇ ವಾರಗಳಲ್ಲಿ ನಿಮಗೆ ಹಾಕಿದ ಲಸಿಕೆಯಲ್ಲಿ, 10ನೇ ವಯಸ್ಸಿನ ಟಿ.ಡಿ. ಚುಚ್ಚುಮದ್ದಿನಲ್ಲಿ ಇದ್ದದ್ದು ಹಲ್ಲು ಕಿತ್ತ ಇದೇ ಗಂಟಲುಮಾರಿ ವಿಷ. ಅದರಿಂದ ನಿಮ್ಮ ರಕ್ತದಲ್ಲಿ ಪ್ರತಿಕಾಯಗಳು ಕಾವಲಿವೆ. ವಿಷವನ್ನು ಔಷಧವಾಗಿ ಕೊಟ್ಟರೂ ಅವು ಅದನ್ನು ಶತ್ರುವೆಂದೇ ತಡೆಯಬಹುದು. ಹಾಗೆಂದು ಯಾರೂ ಲಸಿಕೆ ಬಿಡಬಾರದು. ಲಸಿಕೆ ತಪ್ಪಿದ ಕಡೆ ಗಂಟಲುಮಾರಿ ಇವತ್ತಿಗೂ ಬರುತ್ತದೆ. ಕಾವಲುಗಾರರಿಗೆ ಪರಿಚಯವಿಲ್ಲದ ಬೇರೆ ಬ್ಯಾಕ್ಟೀರಿಯಾಗಳ ವಿಷಗಳನ್ನು ಹುಡುಕುವುದು ವಿಜ್ಞಾನಿಗಳ ಕೆಲಸ, ಅವರು ಹುಡುಕುತ್ತಿದ್ದಾರೆ.

ತಾಯಂದಿರಿಗೆ ಒಂದು ಮಾತು. ನ್ಯೂರೋಬ್ಲಾಸ್ಟೋಮಾಕ್ಕೆ ವಿಷದ ಮದ್ದು ಇನ್ನೂ ದಿನನಿತ್ಯದ ಚಿಕಿತ್ಸೆಯಾಗಿಲ್ಲ. ಆದರೆ ಬೇಗ ಗುರುತಿಸುವುದು ಇವತ್ತೇ ನಮ್ಮ ಕೈಲಿದೆ. ಸ್ನಾನ ಮಾಡಿಸುವಾಗ ಮಗುವಿನ ಹೊಟ್ಟೆಯಲ್ಲಿ ಗಟ್ಟಿ ಗಡ್ಡೆ ಕೈಗೆ ಸಿಕ್ಕರೆ, ಪೆಟ್ಟು ಬೀಳದೆ ಕಣ್ಣಿನ ಸುತ್ತ ಕಪ್ಪುಗಟ್ಟಿದರೆ, ಓಡಾಡುತ್ತಿದ್ದ ಮಗು ಕಾಲು ನೋವೆಂದು ನಡೆಯದಿದ್ದರೆ, ದೃಷ್ಟಿ ತೆಗೆದು ಸುಮ್ಮನಾಗಬೇಡಿ. ಎಲ್ಲವೂ ಕ್ಯಾನ್ಸರೇ ಆಗಿರುವುದಿಲ್ಲ. ಆದರೂ ಡಾಕ್ಟರರಿಗೆ ತೋರಿಸಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಮಕ್ಕಳ ಕ್ಯಾನ್ಸರಿಗೆ ಚಿಕಿತ್ಸೆ ಇದೆ.

ವಿದ್ಯಾರ್ಥಿಗಳೇ, ರೂ ಮತ್ತು ಯೆರ್ಸಿನ್ ಆ ದ್ರವ ಸೋಸುವಾಗ ಕ್ಯಾನ್ಸರಿನ ಯೋಚನೆ ಮಾಡಿರಲಿಲ್ಲ. ಪ್ರಾಣಿ ಏಕೆ ಸತ್ತಿತು ಎಂಬ ಒಂದೇ ಪ್ರಶ್ನೆಯನ್ನು ಬೆನ್ನು ಹತ್ತಿದ್ದರು. ಆ ಉತ್ತರದಿಂದ ಲಸಿಕೆ ಬಂತು, ಈಗ ಮದ್ದೂ ಬರುತ್ತಿದೆ. ಸರಿಯಾದ ವಿಳಾಸ ಬರೆಯುವ ಕೆಲಸ ಇನ್ನೂ ಬಾಕಿ ಇದೆ. ಅದನ್ನು ಮಾಡುವವರು ನಮ್ಮ ಈ ಸರ್ಕಾರಿ ಪ್ರೌಢಶಾಲೆಯಿಂದಲೂ ಹೊರಡಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.