ಹೆಸರು ಒಂದೂರಿನದು, ಕೈ ಇನ್ನೊಂದೂರಿನದು

(ಉಡುಪು, ಚೀಲ, ಪಾದರಕ್ಷೆಗಳ ವ್ಯಾಪಾರಕ್ಕೆ ಹೊಸದಾಗಿ ಇಳಿದಿರುವ ತರುಣ ತರುಣಿಯರ ಮುಂದೆ ಮಾಡಿದ ಭಾಷಣದ ಪಠ್ಯ)



ನಿಮ್ಮಲ್ಲಿ ಬಹುಪಾಲು ಮಂದಿ ಸ್ವಂತ ಹೆಸರಿನಲ್ಲಿ ಚಪ್ಪಲಿ, ಚೀಲ, ಬೆಲ್ಟು ಮಾರಬೇಕೆಂದು ಹೊರಟವರು. ನಿಮ್ಮ ಬಳಿ ವಿನ್ಯಾಸವಿದೆ, ಗಿರಾಕಿಗಳೂ ಇದ್ದಾರೆ. ಮಾಡಿಕೊಡುವವರು ಯಾರು ಎಂಬುದೇ ನಿಮ್ಮ ಪ್ರಶ್ನೆ. ಅತ್ತ ಅಥಣಿಯಲ್ಲಿ, ನಿಪ್ಪಾಣಿಯಲ್ಲಿ ಕುಳಿತು ಚಪ್ಪಲಿ ಹೊಲಿಯುವವರ ಪ್ರಶ್ನೆ ಇದಕ್ಕೆ ತಿರುವುಮುರುವು: ಮಾಡುವ ಕೈ ಇದೆ, ಕೊಳ್ಳುವವರು ಯಾರು? ಇಬ್ಬರನ್ನೂ ಮುಖಾಮುಖಿ ಕೂರಿಸಿದರೆ ಎಲ್ಲ ಸರಿಹೋಗುತ್ತದೆಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಹಾಗೆ ಕೂರಿಸಿದ್ದೂ ಉಂಟು. ಆದರೂ ನಂಟು ಬಹಳ ಸಲ ಗಟ್ಟಿಯಾಗುವುದಿಲ್ಲ. ಅದು ಯಾಕೆ ಎಂಬುದನ್ನು ಒಂದು ಜೋಡಿ ಕೊಲ್ಹಾಪುರಿ ಚಪ್ಪಲಿಯನ್ನು ಎದುರಿಗಿಟ್ಟುಕೊಂಡು ನೋಡೋಣ.

ಕೊಲ್ಹಾಪುರಿ ಎಂಬುದು ಪೇಟೆಯ ಹೆಸರು. 1894ರಿಂದ 1922ರವರೆಗೆ ಕೊಲ್ಹಾಪುರವನ್ನು ಆಳಿದ ಶಾಹೂ ಮಹಾರಾಜರು ಈ ಕಸುಬಿಗೆ ಆಸರೆಯಾದರು. ಅಲ್ಲಿ ಮಾರುಕಟ್ಟೆ ಬೆಳೆಯಿತು. ಸುತ್ತಲ ಊರುಗಳ ಮಾಲು ಆ ಪೇಟೆಗೆ ಹೋಗಿ ಆ ಪೇಟೆಯ ಹೆಸರು ಹೊತ್ತಿತು. ಕಾಪಶಿ, ಕುರುಂದವಾಡಿ ಮುಂತಾಗಿ ಕೆಲವು ನಮೂನೆಗಳು ಇಂದಿಗೂ ತಾವು ಹುಟ್ಟಿದ ಊರಿನ ಹೆಸರನ್ನು ಉಳಿಸಿಕೊಂಡಿವೆ. ಆದರೆ ಅಥಣಿಯ, ಮದಭಾವಿಯ, ನಿಪ್ಪಾಣಿಯ ಕೈಕೆಲಸ ಎಷ್ಟೋ ಕಾಲದಿಂದ ಕೊಲ್ಹಾಪುರದ ಅಂಗಡಿಗಳ ಹೆಸರಿನಲ್ಲಿಯೇ ಮಾರಾಟವಾಗುತ್ತ ಬಂದಿದೆ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಸರ್ಕಾರವೂ ಈ ಸತ್ಯವನ್ನು ಒಪ್ಪಿತು. ಆ ಗುರುತು ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ಜಿಲ್ಲೆಗಳಿಗೆ ಎಷ್ಟು ಸೇರಿದ್ದೋ, ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳಿಗೂ ಅಷ್ಟೇ ಸೇರಿದ್ದು.

ಈ ಚಪ್ಪಲಿಯಲ್ಲಿ ಏನಿದೆ? ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ತೊಗಲು. ಅದಕ್ಕೆ ಜಾಲಿ ತೊಗಟೆ ಮತ್ತು ಅಳಲೆಕಾಯಿಯ ಹದ. ಹಳೆಯ ಪದ್ಧತಿಯಲ್ಲಿ ತೊಗಲನ್ನೇ ಚೀಲದಂತೆ ಹೊಲಿದು, ತೂಗುಹಾಕಿ, ತೊಗಟೆಯ ರಸವನ್ನು ಅದರೊಳಗೆ ತುಂಬಿಡುತ್ತಿದ್ದರು. ಅಟ್ಟೆಗೆ ಎಮ್ಮೆಯ ತೊಗಲು. ಮೊಳೆಯಿಲ್ಲ, ಚರ್ಮವನ್ನು ಚರ್ಮದ ದಾರದಿಂದಲೇ ಹೊಲಿಯುತ್ತಾರೆ. ಪರಂಪರೆಯಿಂದ ಹದ ಮಾಡುವವರು ಡೋಹರರು, ಹೊಲಿಯುವವರು ಸಮಗಾರರು. ಮನೆಯೊಳಗೂ ಕೆಲಸ ಹಂಚಿಕೆಯಾಗಿದೆ: ಅಟ್ಟೆ ಕತ್ತರಿಸಿ ಕೂಡಿಸುವುದು ಹೆಚ್ಚಾಗಿ ಗಂಡಸರ ಕೆಲಸ, ಮೇಲುಪಟ್ಟಿಯ ಹೊಲಿಗೆ, ಜಡೆ ಹೆಣೆಯುವುದು ಹೆಂಗಸರದು. ಅಂದರೆ ನೀವು ಒಂದು ಜೋಡಿ ಕೊಂಡಾಗ ಕೊಳ್ಳುವುದು ಒಬ್ಬರ ಶ್ರಮವನ್ನಲ್ಲ, ಒಂದು ಮನೆಯ ಶ್ರಮವನ್ನು.

ಇನ್ನು 2025ರ ಜೂನ್ ತಿಂಗಳಿಗೆ ಬರೋಣ. ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಕಂಪನಿ ಗಂಡಸರ ಉಡುಪಿನ ಪ್ರದರ್ಶನ ನಡೆಸಿತು. ರೂಪದರ್ಶಿಗಳ ಕಾಲಿನಲ್ಲಿ ಇದ್ದದ್ದು ಹೆಬ್ಬೆರಳಿನ ಉಂಗುರವಿರುವ ಚಪ್ಪಲಿ. ನಮ್ಮ ಕಡೆಯ ಮಕ್ಕಳೂ ಗುರುತು ಹಿಡಿಯುವಂಥದ್ದು. ಆದರೆ ಕೊಲ್ಹಾಪುರದ ಹೆಸರಾಗಲಿ, ಭಾರತದ ಹೆಸರಾಗಲಿ ಅಲ್ಲಿರಲಿಲ್ಲ. ಆಕ್ಷೇಪ ಎದ್ದಿತು. ಈ ವಿನ್ಯಾಸಕ್ಕೆ ಭಾರತದ ಕೈಕಸುಬೇ ಸ್ಫೂರ್ತಿ ಎಂದು ಕಂಪನಿ ಒಪ್ಪಿಕೊಂಡಿತು. ಜುಲೈನಲ್ಲಿ ಅದರ ಪ್ರತಿನಿಧಿಗಳು ಕೊಲ್ಹಾಪುರಕ್ಕೆ ಬಂದು ಕುಶಲಕರ್ಮಿಗಳನ್ನು ಕಂಡರು. ಮುಂಬೈ ಹೈಕೋರ್ಟಿನಲ್ಲಿ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಅದೇ ತಿಂಗಳು ವಜಾ ಆಯಿತು. ಗುರುತಿನ ನೋಂದಾಯಿತ ಹಕ್ಕುದಾರರು ದಾವೆ ಹೂಡಬೇಕೇ ಹೊರತು ಬೇರೆಯವರಲ್ಲ ಎಂಬುದು ಅದಕ್ಕೆ ಕಾರಣ.

ಇಲ್ಲಿ ಒಂದು ಸೂಕ್ಷ್ಮವಿದೆ. ಭೌಗೋಳಿಕ ಗುರುತು ಕಾಯುವುದು ಮುಖ್ಯವಾಗಿ ಹೆಸರನ್ನು. ಬೇರೆಲ್ಲೋ ಮಾಡಿದ ಚಪ್ಪಲಿಯನ್ನು ಕೊಲ್ಹಾಪುರಿ ಎಂದು ಮಾರಿದರೆ ಅದು ಅಡ್ಡಬರುತ್ತದೆ. ಹೆಸರನ್ನೇ ಹೇಳದೆ ಆಕಾರವನ್ನು ಮಾತ್ರ ಎತ್ತಿಕೊಂಡವರನ್ನು ತಡೆಯುವುದು ಕಷ್ಟ. ಹೆಸರು ಮರೆಸಿದವನಿಗೇ ಅನುಕೂಲ! ಆದ್ದರಿಂದ ಹೆಸರು ಹೇಳುವುದು ಬರಿಯ ಸೌಜನ್ಯವಲ್ಲ, ವ್ಯಾಪಾರದ ಬುಡವೇ ಅದು.

2025ರ ಡಿಸೆಂಬರಿನಲ್ಲಿ ಕಥೆ ಇನ್ನೊಂದು ತಿರುವು ಪಡೆಯಿತು. ಗುರುತಿನ ಹಕ್ಕುದಾರರಾದ ಎರಡು ಸರ್ಕಾರಿ ನಿಗಮಗಳ ಜೊತೆ, ಎಂದರೆ ಮಹಾರಾಷ್ಟ್ರದ ಲಿಡ್ಕಾಮ್ ಮತ್ತು ನಮ್ಮ ಲಿಡ್ಕರ್ ಜೊತೆ, ಪ್ರಾಡಾ ಒಪ್ಪಂದಕ್ಕೆ ಸಹಿ ಹಾಕಿತು. ಎರಡೂ ರಾಜ್ಯಗಳಲ್ಲಿ 2,000 ಜೋಡಿ ತಯಾರಿಸುವುದು, ಜೋಡಿಗೆ ಸುಮಾರು 800 ಯೂರೋ ಬೆಲೆ ಎಂದು ಆಗ ಪ್ರಕಟಿಸಲಾಯಿತು. ಲೆಕ್ಕ ಹಾಕಿದರೆ ಒಟ್ಟು 16 ಲಕ್ಷ ಯೂರೋ. ನಮ್ಮ ಪೇಟೆಯಲ್ಲಿ ಅದೇ ಬಗೆಯ ಚಪ್ಪಲಿ ಕೆಲವು ನೂರು ರೂಪಾಯಿಗೆ, ಹೆಚ್ಚೆಂದರೆ ಒಂದೆರಡು ಸಾವಿರಕ್ಕೆ ಸಿಗುತ್ತದೆ. ಈ ಅಂತರದಲ್ಲಿ ಜಡೆ ಹೆಣೆದ ಕೈಗೆ ಎಷ್ಟು ಬರುತ್ತದೆ ಎಂಬುದೇ ನಾವು ಕೇಳುತ್ತಿರಬೇಕಾದ ಪ್ರಶ್ನೆ.

ಆದರೆ ನೀವು ಪ್ರಾಡಾ ಅಲ್ಲ. ನಿಮ್ಮ ಆರ್ಡರು ಐವತ್ತು ಜೋಡಿಯದು, ನೂರು ಜೋಡಿಯದು. ನಿಮಗೆ ಹೆಚ್ಚು ಪಾಠ ಹೇಳುವುದು ಅಥಣಿಯದೇ ಒಂದು ಪ್ರಯೋಗ. 1990ರ ದಶಕದ ಕೊನೆಗೆ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನ ರಾಷ್ಟ್ರೀಯ ಚರ್ಮೋದ್ಯಮ ಯೋಜನೆಯಡಿ, ಬೆಂಗಳೂರಿನ ಅಸೆಂಟ್ ಸಂಸ್ಥೆ ಅಲ್ಲಿಗೆ ಹೋಯಿತು. ಹೊಸ ವಿನ್ಯಾಸ, ಅಳತೆ, ಗುಣಮಟ್ಟಗಳ ತರಬೇತಿ ಕೊಟ್ಟದ್ದಷ್ಟೇ ಅಲ್ಲ, ಮನೆಯೊಳಗೆ ಲೆಕ್ಕಕ್ಕೇ ಬಾರದಿದ್ದ ಹೆಂಗಸರನ್ನು ಸ್ವಸಹಾಯ ಗುಂಪುಗಳಾಗಿ ಕಟ್ಟಿತು. ಅದರಿಂದ ಹುಟ್ಟಿದ್ದು ‘ಟೋಹೋಲ್ಡ್’ ಎಂಬ ಕುಶಲಕರ್ಮಿಗಳ ಒಕ್ಕೂಟ. ಅಥಣಿಯ ಚಪ್ಪಲಿ ಆ ಹೆಸರಿನಲ್ಲಿ ಹೊರದೇಶಗಳಿಗೆ ಹೋಯಿತು. ಅಲ್ಲಿ ನಂಟು ಬೆಸೆದದ್ದು ಹೇಗೆ? ಕೊಳ್ಳುವವರು ಬಂದು ಮಾಲು ಎತ್ತಿಕೊಂಡು ಹೋಗಲಿಲ್ಲ. ನಡುವೆ ನಿಂತವರು ಊರಲ್ಲಿಯೇ ಕುಳಿತು ಎರಡೂ ಕಡೆಯ ಭಾಷೆ ಕಲಿತರು.

ಆ ಭಾಷೆಯ ಅಕ್ಷರಮಾಲೆ ಚಿಕ್ಕದು. ಮೊದಲನೆಯದು ಅಳತೆ. ಕೈಯಲ್ಲಿ ಕತ್ತರಿಸಿದ ಅಟ್ಟೆ ಅಚ್ಚಿನಿಂದ ಇಳಿದಂತೆ ಒಂದೇ ಸಮ ಇರದು. ಎಷ್ಟು ವ್ಯತ್ಯಾಸ ನಡೆಯುತ್ತದೆ, ಎಷ್ಟು ನಡೆಯುವುದಿಲ್ಲ ಎಂಬುದನ್ನು ಸ್ಯಾಂಪಲ್ ಜೋಡಿಯ ಮೇಲೆ ಇಬ್ಬರೂ ಕೂತು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಆ ಸ್ಯಾಂಪಲ್ಲಿಗೂ ದುಡ್ಡು ಕೊಡಬೇಕು. ಅದೂ ಒಂದು ದಿನದ ದುಡಿಮೆಯೇ.

ಎರಡನೆಯದು ಕಾಲ. ತೊಗಟೆಯಲ್ಲಿ ಹದಗೊಂಡ ಚರ್ಮ ನೀರು ಹೀರುತ್ತದೆ. ಮಳೆಗಾಲದಲ್ಲಿ ಅದನ್ನು ಮೆಟ್ಟುವವರೂ ಕಡಿಮೆ, ಒಣಗಿಸಲು ಬಿಸಿಲೂ ಇಲ್ಲ. ಊರಿಗೆ ಮಳೆಗಾಲವಾದರೆ ಈ ಮನೆಗಳಿಗೆ ಬರಗಾಲ. ದೀಪಾವಳಿಗೆ ಮಾಲು ಬೇಕೆಂದು ನವರಾತ್ರಿಯಲ್ಲಿ ಹೇಳಿದರೆ ಆಗದು. ಬೇಸಿಗೆಯಲ್ಲೇ ಹೇಳಿದರೆ ಚರ್ಮ ಬಿಸಿಲು ಕಂಡಿರುತ್ತದೆ, ಹೆಣಿಗೆಯ ಕೆಲಸ ಮಳೆಗಾಲಕ್ಕೆ ಕೂಳಾಗುತ್ತದೆ.

ಮೂರನೆಯದು ದುಡ್ಡು. ಚರ್ಮ ನಗದಿಗೆ ಕೊಂಡು ಚಪ್ಪಲಿಯನ್ನು ಉದ್ರಿಗೆ ಕೊಡುವ ಮನೆ ಸಾಲಕ್ಕೆ ಬೀಳದೆ ಇರದು. ಸಾಲ ಕೊಟ್ಟ ವ್ಯಾಪಾರಿಯೇ ಆಮೇಲೆ ಬೆಲೆ ಕಟ್ಟುವವನಾಗುತ್ತಾನೆ. ಮುಂಗಡ ಕೊಡದ ಹೊಸ ಬ್ರಾಂಡು ಗೊತ್ತಿಲ್ಲದೆಯೇ ಆ ಸಾಲಕ್ಕೆ ಇಂಬು ಕೊಡುತ್ತದೆ. ಸಣ್ಣ ಉದ್ಯಮಗಳಿಗೆ ಸಂಬಂಧಿಸಿದ 2006ರ ಕಾಯ್ದೆ ಮಾಲು ಒಪ್ಪಿಕೊಂಡವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕೆನ್ನುತ್ತದೆ. ಕುಶಲಕರ್ಮಿ ಉದ್ಯಮ್ ನೋಂದಣಿ ಮಾಡಿಸಿಕೊಂಡಿದ್ದರೆ ಈ ರಕ್ಷಣೆ ಅವರಿಗುಂಟು. ಹಾಗೆಯೇ ಭೌಗೋಳಿಕ ಗುರುತಿನ ಅಧಿಕೃತ ಬಳಕೆದಾರರಾಗಿಯೂ ಅವರು ಹೆಸರು ಬರೆಸಿಕೊಳ್ಳಬೇಕು. ಈ ಎರಡು ಕಾಗದ ಮಾಡಿಸಲು ಓಡಾಡಿಕೊಟ್ಟರೆ, ನೀವು ಮಾಡುವ ಎಷ್ಟೋ ಜಾಹೀರಾತಿಗಿಂತ ಅದು ದೊಡ್ಡ ಕೆಲಸ.

ನಾಲ್ಕನೆಯದು ಹೆಸರು. ನಿಮ್ಮ ಚೀಟಿಯ ಮೇಲೆ ನಿಮ್ಮ ಬ್ರಾಂಡಿನ ಹೆಸರಿನ ಜೊತೆ ಊರಿನ ಹೆಸರಿರಲಿ. ಅವರು ಒಪ್ಪಿದರೆ ಮಾಡಿದವರ ಹೆಸರೂ ಇರಲಿ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಈ ಕಸುಬಿನಲ್ಲಿ ಹೆಸರು ಎಂದೂ ಸುಲಭದ ಮಾತಾಗಿರಲಿಲ್ಲ. ಚಪ್ಪಲಿಯನ್ನು ಎಲ್ಲರೂ ಮೆಟ್ಟಿದರು. ಮಾಡಿದವರನ್ನು ಮಾತ್ರ ಊರ ಹೊರಗೆ ಇಟ್ಟರು. ಅಂಥ ಮನೆಯ ಹುಡುಗ ಇವತ್ತು ಅಪ್ಪನ ಕಸುಬು ಬೇಡ ಎಂದರೆ ಅದನ್ನು ‘ಪರಂಪರೆಯ ನಾಶ’ ಎಂದು ಮರುಗುವ ಹಕ್ಕು ನಮಗಿಲ್ಲ. ಅವನು ಅಲ್ಲೇ ಉಳಿಯಬೇಕೆಂದು ನಾವು ಬಯಸುವುದಾದರೆ, ಉಳಿಯುವುದರಲ್ಲಿ ಲಾಭವೂ ಇರಬೇಕು, ಮಾನವೂ ಇರಬೇಕು.

ಹನ್ನೆರಡನೆಯ ಶತಮಾನದ ಕಲ್ಯಾಣದ ಸಮಗಾರ ಹರಳಯ್ಯನ ಐತಿಹ್ಯ ನಿಮಗೆ ಗೊತ್ತಿದ್ದೀತು. ದಾರಿಯಲ್ಲಿ ಎದುರಾದ ಬಸವಣ್ಣನಿಗೆ ಹರಳಯ್ಯ ‘ಶರಣು’ ಎಂದನಂತೆ. ಬಸವಣ್ಣ ‘ಶರಣು ಶರಣಾರ್ಥಿ’ ಎಂದನಂತೆ. ತಾನು ಕೊಟ್ಟದ್ದು ಒಂದು, ಮರಳಿ ಬಂದದ್ದು ಎರಡು. ಆ ಹೆಚ್ಚಿನ ಒಂದರ ಋಣ ತೀರಿಸಲು ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ತಂದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡ ಎನ್ನುತ್ತಾರೆ. ಈ ಕಥೆಯನ್ನು ಭಕ್ತಿಯ ಕಥೆಯಾಗಿ ಕೇಳಿದ್ದೇವೆ. ಮಾಡುವವರ ಮತ್ತು ಮೆಟ್ಟುವವರ ನಡುವಿನ ಲೆಕ್ಕದ ಕಥೆಯಾಗಿಯೂ ಕೇಳಬಹುದು. ಆ ಲೆಕ್ಕದಲ್ಲಿ ಇಬ್ಬರೂ ತಾವು ಇನ್ನೊಬ್ಬರಿಗೆ ಬಾಕಿ ಎಂದುಕೊಂಡಿದ್ದರು.

ನಿಮ್ಮಿಂದ ಅಂಥ ತ್ಯಾಗವನ್ನು ಯಾರೂ ಕೇಳುತ್ತಿಲ್ಲ. ನ್ಯಾಯವಾದ ಬೆಲೆ ಕೊಟ್ಟರೆ ಅದು ಒಂದು ಶರಣು. ಮಾಡಿದವರ ಹೆಸರನ್ನು ನಾಲ್ಕು ಜನರ ಮುಂದೆ ಹೇಳಿದರೆ ಅದು ಇನ್ನೊಂದು. ವ್ಯಾಪಾರ ನಿಲ್ಲುವುದು ಈ ಎರಡನೆಯದರ ಮೇಲೆ.