ಕೊಂಬೆಯ ತುದಿವರೆಗೆ ಹೋಗುವ ದನಿ

ಮರ ಹತ್ತುವವನಿಗೆ ಎಷ್ಟು ದೂರ ಕೈ ಕೊಡಲಾದೀತು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಮೊದಲ ಕವಲು ಕೈಗೆ ಸಿಗುವವರೆಗೆ ಹೆಗಲು ಕೊಡಬಹುದು, ಅಂಗಾಲಿಗೆ ಅಂಗೈ ಒಡ್ಡಬಹುದು. ಅಲ್ಲಿಂದಾಚೆಗೆ ಅವನ ಪಾಡು ಅವನದು ಎಂಬುದು ಆ ಮಾತಿನ ತಾತ್ಪರ್ಯ. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ. ಜವಳಗಿರಿಯ ಕಡೆ ಒಂದು ಹುಣಸೆ ಸುಗ್ಗಿ ನೋಡಿದ ಮೇಲೆ ಆ ತಿಳಿವಳಿಕೆ ಬದಲಾಯಿತು.

ಹೊಸೂರಿನಿಂದ ತಳಿಯ ದಾರಿ ಹಿಡಿದು, ಇನ್ನೂ ಮುಂದೆ ಕಾಡಿನಂಚಿಗೆ ಹೋದರೆ ಜವಳಗಿರಿ. ಇದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ. ಮನೆಯೊಳಗೆ ಕನ್ನಡ ಆಡುವವರು, ತೆಲುಗು ಆಡುವವರು, ತಮಿಳು ಆಡುವವರು ಒಂದೇ ಬೀದಿಯಲ್ಲಿದ್ದಾರೆ. ಒಂದೇ ಮರವನ್ನು ಕನ್ನಡದವರು ಹುಣಸೆ ಎಂದರೆ ತೆಲುಗಿನವರು ಚಿಂತ ಎನ್ನುತ್ತಾರೆ, ತಮಿಳಿನವರು ಪುಳಿ ಎನ್ನುತ್ತಾರೆ. ಸಂಕ್ರಾಂತಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಕಾಯಿಯ ಸಿಪ್ಪೆ ಒಣಗಿ ಒಳಗಿನ ಹಣ್ಣಿನಿಂದ ಬಿಡಿಸಿಕೊಳ್ಳುತ್ತದೆ. ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಮರಗಳನ್ನು ಗುತ್ತಿಗೆ ಹಿಡಿದವರು ಆಗ ಆಳುಗಳನ್ನು ಕರೆತರುತ್ತಾರೆ. ಗಂಡಸರು ಮರಕ್ಕೆ, ಹೆಂಗಸರು ನೆಲಕ್ಕೆ.

ಇವರ ಸಲಕರಣೆ ಎಷ್ಟು ಕಡಿಮೆ ಎಂದರೆ ನೋಡಿದವರಿಗೆ ಭಯವಾಗುತ್ತದೆ. ಎತ್ತಿ ಕಟ್ಟಿದ ಲುಂಗಿ, ತಲೆಗೆ ಸುತ್ತಿದ ಟವೆಲ್, ಒಂದು ಉದ್ದನೆಯ ಬಿದಿರ ಗಳ, ಅದರ ತುದಿಗೆ ಕಬ್ಬಿಣದ ಕೊಕ್ಕೆ. ಕಾಲು ಬರಿಗಾಲು. ಉಳಿದದ್ದೆಲ್ಲ ಮರದ ಬಗೆಗಿನ ತಿಳಿವಳಿಕೆ. ಹುಣಸೆಯ ಕೊಂಬೆ ಬಳುಕುತ್ತದೆ, ಬೇಗ ಮುರಿಯುವುದಿಲ್ಲ. ನೇರಳೆಯನ್ನೋ ನುಗ್ಗೆಯನ್ನೋ ಹಾಗೆ ನಂಬುವಂತಿಲ್ಲ. ಆದರೆ ಹಣ್ಣು ಇರುವುದು ರೆಂಬೆಯ ತುದಿಯಲ್ಲಿ, ಮನುಷ್ಯನ ಭಾರ ತಾಳುವುದು ಬುಡದ ಕಡೆ. ಹಾಗಾಗಿ ದಪ್ಪ ಕೊಂಬೆಯ ಮೇಲೆ ನಿಂತು ಅಲ್ಲಾಡಿಸಬೇಕು, ಅದಕ್ಕೂ ಬೀಳದ್ದನ್ನು ಗಳದಿಂದ ಎಳೆಯಬೇಕು. ಸಿಕ್ಕಾಪಟ್ಟೆ ಬಡಿದರೆ ಚಿಗುರು ಮುರಿಯುತ್ತದೆ, ಮುಂದಿನ ವರ್ಷದ ಹೂವು ಕಡಿಮೆಯಾಗುತ್ತದೆ. ಮರದ ಮೇಲೆ ಅಕ್ಕರೆ ಇದ್ದವನ ಕೈ ಎಲ್ಲಿ ನಿಲ್ಲಬೇಕೆಂದು ಬಲ್ಲದು.

ಆ ದಿನ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕೌಶಲಕ್ಕಿಂತ ಹೆಚ್ಚಾಗಿ ಅವರ ಮಾತು.

"ಅಕ್ಕಾ, ಆ ಕಡೆ ಸರ್ಕೋ, ದೊಡ್ಡ ಕೊಂಬೆ ಅಲ್ಲಾಡಿಸ್ತೀನಿ."

"ಅಲ್ಲಾಡ್ಸಪ್ಪಾ. ಬೆಳಗ್ಗೆಯಿಂದ ನೀನು ಉದುರಿಸಿರೋದ್ರಲ್ಲಿ ಎಲೇನೇ ಜಾಸ್ತಿ."

"ಹಂಗಾದ್ರೆ ನೀನೇ ಹತ್ತು ಬಾ ಅತ್ಗೆ, ನಾನು ಕೆಳಗೆ ಕೂತು ಆಯ್ಕೋತೀನಿ."

"ಹತ್ತುತಿದ್ದೆ ಕಣೋ ಮೈದ್ನ. ನಿನ್ನ ಕೂಲಿ ನಂಗೆ ಕೊಡ್ತಾರಾ, ಕೇಳು ಮೊದ್ಲು."

ಎಲ್ಲರೂ ನಕ್ಕರು. ಆ ಅತ್ತಿಗೆಯ ಮಾತಿನಲ್ಲಿ ನ್ಯಾಯವಿತ್ತು. ದಿನವಿಡೀ ಬಗ್ಗಿ ಆಯುವ, ಆಮೇಲೆ ಸಿಪ್ಪೆ ಒಡೆದು ನಾರು ಬಿಡಿಸಿ ಬೀಜ ತೆಗೆಯುವ ಹೆಂಗಸಿನ ಕೂಲಿ, ಹತ್ತುವ ಗಂಡಸಿನ ಕೂಲಿಗಿಂತ ಕಡಿಮೆ. ನಗುವಿನಲ್ಲಿ ಸುತ್ತಿ ಹೇಳಿದರೂ ಅದು ಕೇಳಲೇಬೇಕಾದ ಪ್ರಶ್ನೆ.

ಮಧ್ಯಾಹ್ನದ ಹೊತ್ತಿಗೆ ಒಂದು ಸಂಗತಿ ನಡೆಯಿತು. ಎತ್ತರದ ಕೊಂಬೆಯಲ್ಲಿದ್ದ ಹುಡುಗನೊಬ್ಬ ಮಾತಿಗೆ ಮಾತು ಕೊಡುವುದನ್ನು ನಿಲ್ಲಿಸಿದ. ನನಗೆ ಅದು ಗೊತ್ತಾಗಲಿಲ್ಲ. ಹುಣಸೆ ಗುಡ್ಡೆಯ ಪಕ್ಕ ಕೂತಿದ್ದ ಅಜ್ಜಿಗೆ ಗೊತ್ತಾಯಿತು. ತಲೆ ಎತ್ತಿ, "ಯಾಕೋ ಮಗ, ದನೀನೇ ಇಲ್ಲ? ಇಳಿ, ಇಳಿದು ನೀರು ಕುಡಿ" ಅಂದರು. ಹುಡುಗ ಏನಿಲ್ಲ ಅಂದ. ಅಜ್ಜಿ ಬಿಡಲಿಲ್ಲ. ಇಳಿದು ಬಂದಾಗ ಅವನ ಮುಖ ಬಿಳಿಚಿಕೊಂಡಿತ್ತು, ಬಿಸಿಲಿಗೆ ತಲೆ ಸುತ್ತುತ್ತಿತ್ತು. ನೆರಳಲ್ಲಿ ಮಲಗಿಸಿ ಮಜ್ಜಿಗೆ ಕೊಟ್ಟರು. ಇನ್ನೊಂದು ಗಳಿಗೆ ಅವನು ಮೇಲೆಯೇ ಇದ್ದಿದ್ದರೆ ಏನಾಗುತ್ತಿತ್ತೋ.

ಆಗ ನನಗೆ ಹೊಳೆಯಿತು. ಬೆಳಗಿನಿಂದ ನಡೆಯುತ್ತಿದ್ದ ಆ ತಮಾಷೆ, ಆ ಕೆಣಕಾಟ ಬರಿ ಹೊತ್ತು ಹೋಗಲೆಂದು ಆಡಿದ್ದಲ್ಲ. ಮರದ ಮೇಲಿರುವವನು ಎಚ್ಚರವಾಗಿದ್ದಾನೆಯೇ, ದಣಿದಿದ್ದಾನೆಯೇ, ಎಲ್ಲಿ ನಿಂತಿದ್ದಾನೆ ಎಂಬುದೆಲ್ಲ ಎಲೆಗಳ ಮರೆಯಿಂದ ಕೆಳಗಿರುವವರಿಗೆ ತಿಳಿಯುವುದು ದನಿಯಿಂದಲೇ. ಕೈ ಮೊದಲ ಕವಲಿನವರೆಗೆ ಮಾತ್ರ ಹೋಗುತ್ತದೆ, ನಿಜ. ದನಿ ಕೊಂಬೆಯ ತುದಿವರೆಗೂ ಹೋಗುತ್ತದೆ.

ಇದೇ ಜವಳಗಿರಿಯಲ್ಲಿ ರಾಗಿ ತೆನೆ ಬಲಿಯುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯ ಕಾಡಿನಿಂದ ಆನೆಗಳ ಹಿಂಡು ಬರುತ್ತದೆ. ಬೆಳೆ ಕಾಯಲು ರೈತರು ಮರದ ಮೇಲೆ ಅಟ್ಟಣೆ ಕಟ್ಟಿ, ಚಳಿಯಲ್ಲಿ ಕಂಬಳಿ ಹೊದ್ದು ರಾತ್ರಿ ಕಳೆಯುತ್ತಾರೆ. ಅಲ್ಲಿಯೂ ಒಂದು ಅಟ್ಟಣೆಯಿಂದ ಇನ್ನೊಂದಕ್ಕೆ ಕೂಗು ಓಡಾಡುತ್ತಿರುತ್ತದೆ. ಕೂಗಿಗೆ ಕೂಗು ಬಂದರೆ ಪಕ್ಕದ ಹೊಲದವನು ಎದ್ದಿದ್ದಾನೆ ಎಂದು ಧೈರ್ಯ.

ಮಲೆನಾಡಿನ ತೋಟಗಳಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರನ್ನೂ ಇಲ್ಲಿ ನೆನೆಯಬೇಕು. ಕಾಲಿಗೆ ತಳೆ ಹಾಕಿ ಹತ್ತಿ, ಒಂದು ಮರದಿಂದ ತೂಗಿ ಪಕ್ಕದ ಮರ ಹಿಡಿದು ದಾಟುವ ಅವರ ವಿದ್ಯೆ ವರ್ಷಗಟ್ಟಲೆ ಕಲಿತು ಬಂದದ್ದು. ಅವರು ಕೊಯ್ದ ಅಡಿಕೆ ಕೊನೆ ಹಗ್ಗದ ಮೇಲೆ ಜಾರಿ ಕೆಳಗೆ ಬರುವಾಗ ಆ ಹಗ್ಗ ಹಿಡಿದು ನಿಲ್ಲುವವನು ಇನ್ನೊಬ್ಬ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಪಾಚಿಗಟ್ಟಿದ ಮರ ಹತ್ತುವಾಗಲಂತೂ ಕೆಳಗಿನವನ ಕಣ್ಣು ಆಚೆ ಈಚೆ ಹೋಗುವಂತಿಲ್ಲ.

ಹತ್ತುವವರು ಈಗ ಕಡಿಮೆಯಾಗುತ್ತಿದ್ದಾರೆ. ತೆಂಗಿಗೆ ಜನ ಸಿಗದೆ ಹೋದಾಗ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ 'ತೆಂಗಿನ ಮರದ ಗೆಳೆಯರು' ಎಂಬ ತರಬೇತಿ ಶುರುಮಾಡಿತು. ಯಂತ್ರದ ಸಹಾಯದಿಂದ ಹತ್ತುವುದನ್ನು ಹುಡುಗರ ಜೊತೆ ಹೆಣ್ಣುಮಕ್ಕಳೂ ಕಲಿತರು. ತೆಂಗು ಹತ್ತುವವರಿಗೆಂದೇ ಮಂಡಳಿಯ ಕೇರ ಸುರಕ್ಷಾ ಎಂಬ ವಿಮೆಯೂ ಇದೆ. ಬಹಳ ಒಳ್ಳೆಯ ಕೆಲಸ. ಅಂಥದ್ದೇ ಆಸರೆ ಹುಣಸೆ, ಹಲಸು, ಮಾವು ಹತ್ತುವವರಿಗೂ ಸಿಗಬೇಕು. ಕೊಂಬೆಯಿಂದ ಬಿದ್ದು ಸೊಂಟ ಮುರಿದವನು ಯಾವ ಮರದಿಂದ ಬಿದ್ದ ಎಂದು ಅವನ ಮನೆಯ ಒಲೆ ಕೇಳುವುದಿಲ್ಲ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಇದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಿಂದ ಇದೆ. 18ರಿಂದ 70 ವರ್ಷದೊಳಗಿನ, ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಖಾತೆ ಇರುವ ಯಾರು ಬೇಕಾದರೂ ಸೇರಬಹುದು. ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ ಕುಟುಂಬಕ್ಕೆ 2 ಲಕ್ಷ, ಒಂದು ಕೈಯೋ ಕಾಲೋ ಹೋದರೆ 1 ಲಕ್ಷ. ಮರದ ಯಜಮಾನರು, ಗುತ್ತಿಗೆ ಹಿಡಿದವರು ಸುಗ್ಗಿಗೆ ಮೊದಲು ತಮ್ಮ ಆಳುಗಳನ್ನು ಬ್ಯಾಂಕಿಗೆ ಕರೆದೊಯ್ದು ಒಂದು ಅರ್ಜಿ ಬರೆಸಿಕೊಡಲಿ. ಆ 20 ರೂಪಾಯಿಯನ್ನು ತಾವೇ ಕಟ್ಟಲಿ. ಸೊಂಟಕ್ಕೊಂದು ಗಟ್ಟಿ ಬೆಲ್ಟು, ಒಂದು ಒಳ್ಳೆಯ ಹಗ್ಗ ತಂದುಕೊಡಲಿ.

ಹತ್ತಿಸುವ ಮೊದಲು ನೀವೂ ಒಮ್ಮೆ ಮರವನ್ನು ಸುತ್ತಿ ಬನ್ನಿ. ವಿದ್ಯುತ್ ತಂತಿ ಹತ್ತಿರ ಇದೆಯೇ ನೋಡಿ, ಲೋಹದ ದೋಟಿ ತಗುಲಿ ಜೀವ ಕಳೆದುಕೊಂಡವರು ನಮ್ಮ ನಾಡಿನಲ್ಲಿ ಹಲವರಿದ್ದಾರೆ. ಹೆಜ್ಜೇನು ಕಟ್ಟಿದೆಯೇ ನೋಡಿ. ರಾತ್ರಿ ಮಳೆ ಬಿದ್ದಿದ್ದರೆ ಕೆಲಸ ನಾಳೆಗಿರಲಿ.

ಇನ್ನೂ ಒಂದು ಮಾತು. ನಿಮ್ಮ ಹಿತ್ತಿಲಿನ ತೆಂಗಿನಕಾಯಿ ಕೀಳಲು ಯಾರಾದರೂ ಬಂದಾಗ, ಅವರು ಇಳಿಯುವವರೆಗೂ ಮನೆಯೊಳಗೆ ಹೋಗಬೇಡಿ. ಬುಡದಿಂದ ನಾಲ್ಕು ಮಾರು ದೂರ ನಿಂತು, ಅವರನ್ನು ಮಾತಾಡಿಸುತ್ತಿರಿ.